ಚೊಂಬಿನೊಳಗಿನ ಸಣಕಲು ಹುಳು

ಒದ್ದೆ ಹತ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಅದನ್ನು ಪೊಲೀಸ್ ದರೋಗಾ ಲಛಮ್ ಸಿಂಗ್ ಬೋರಾ ಅವರ ಮೂಗಿನ ಕೆಳಗೆ ಹಿಡಿದೆ. ಬಂಡೆಯ ಮೇಲೆ ಕೂತಿದ್ದವರು ಕೂತಲ್ಲೇ ಹಿಂದಕ್ಕೆ ವಾಲಿದರು.

"ಏನಿದು ದೀದಿ? ಜಿಲೇಬಿ ತಿಂದು ಕೈ ಒರೆಸಿದ ಹಾಗಿದೆ!"

"ನೀವೇ ಸೀಲು ಹಾಕಿದ ಡಬ್ಬಿಯಿಂದ ತೆಗೆದ ಕೀಡಾಜಡಿ. ಈಗ ಇದನ್ನ ನೋಡಿ."

ಎರಡನೆಯದು ಸರುಲಿ ಕಾಕಿ ತನ್ನ ಮಂಡಿನೋವಿಗೆಂದು ಮನೆಯಲ್ಲಿ ಎತ್ತಿಟ್ಟುಕೊಂಡಿದ್ದು. ಅದೂ ಬೆಟ್ಟದ ನೆತ್ತಿಯ ಹುಲ್ಲುಗಾವಲಾದ ಇದೇ ಬುಗ್ಯಾಲಿನ ಹುಲ್ಲಿನಡಿಯಿಂದ ಕಿತ್ತದ್ದು, ಇದೇ ವರ್ಷದ್ದು. ಬೆರಳುದ್ದದ ಒಣಹುಳು, ಅದರ ತಲೆ ಸೀಳಿಕೊಂಡು ಎದ್ದ ಕಂದು ಕಡ್ಡಿಯಂಥ ಅಣಬೆ. ಹೊಸ ಹತ್ತಿಯನ್ನು ನೀರಲ್ಲದ್ದಿ ಉಜ್ಜಿದೆ. ಬಂದದ್ದು ಮಣ್ಣಿನ ಬಣ್ಣ ಮಾತ್ರ.

ದರೋಗಾ ಎರಡೂ ಹತ್ತಿಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ಸೊಂಟದ ಬೆಲ್ಟಿನಿಂದ ಒಂದು ಹಗ್ಗ ಹೊರಟು ಮಂಜಿನೊಳಗೆ ಮಾಯವಾಗಿತ್ತು. ಅದರ ಇನ್ನೊಂದು ತುದಿಯಲ್ಲಿ, ದೇವಿಯ ಗುಡಿಯ ಕಲ್ಲುಗೋಡೆಗೆ ಒರಗಿ, ಊರಿಗೆಲ್ಲ ಅಜ್ಜನಾದ ಎಪ್ಪತ್ತಾರು ವರ್ಷದ ಜಮನ್ ಬುಬು ಕಟ್ಟಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಮ್ಮೂರಿನ ಕಾರ್ಯದರ್ಶಿ ತ್ರಿಲೋಕ್ ದಾಜು ಈ ಬುಗ್ಯಾಲಿನ ಅಂಚಿನ ಪ್ರಪಾತಕ್ಕೆ ಬಿದ್ದು ಸತ್ತು ಇವತ್ತಿಗೆ ಹನ್ನೆರಡು ದಿನ. ತಳ್ಳಿದವರು ಊರಿನ ಮಾಲಿನ ಡಬ್ಬಿಯ ಬೀಗದ ಕೈ ಇಟ್ಟುಕೊಂಡಿದ್ದ ಬುಬುವೇ ಎಂದು ಠಾಣೆಯಲ್ಲಿ ಬರೆದಾಗಿತ್ತು. ಮಂಜು ಸರಿದು ಇಳಿಯುವ ದಾರಿ ಕಂಡ ಕೂಡಲೇ ಅವರನ್ನು ಮುನ್ಸಿಯಾರಿಗೆ, ಅಲ್ಲಿಂದ ಜೈಲಿಗೆ ಕರೆದೊಯ್ಯಬೇಕು. ನನಗಿದ್ದ ಸಮಯ ಅಷ್ಟೇ. ಈ ವಯಸ್ಸಿನಲ್ಲಿ ಇಳಿದು ಹೋದವರು ಮತ್ತೆ ಹತ್ತಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಬುಬುಗೂ.

ಮಂಜಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹಳದಿ ಹೂಗಳ ಮೇಲೆ ಅದು ಹರಡಿಕೊಂಡು ಮಲಗಿತ್ತು. ಎಲ್ಲೋ ಕುರಿಗಳ ಗಂಟೆ ಕೇಳುತ್ತಿತ್ತು, ಕುರಿಗಳು ಕಾಣುತ್ತಿರಲಿಲ್ಲ. ಇಂಥ ಬೆಳಗಿನಲ್ಲಿ ಬುಗ್ಯಾಲಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ನಿಂತವರು ನಿಂತಲ್ಲೇ ತೇಲುತ್ತಿರುವಂತೆ ಅನ್ನಿಸುತ್ತದೆ. ಇಪ್ಪತ್ತು ವರ್ಷ ಪೇಟೆಯಲ್ಲಿದ್ದರೂ ನನ್ನ ಕನಸುಗಳಲ್ಲಿ ಬರುವುದು ಈ ಬಿಳಿ ಬೆಳಗೇ.

"ಇನ್ನೊಂದು ಸಲ ಹೇಳಿ," ಅಂದರು ದರೋಗಾ. "ಹೇಸರಗತ್ತೆ ಮೇಲೆ ಕೂತು ಬಂದಿದ್ದಕ್ಕೆ ನನ್ನ ಬೆನ್ನೂ ಸರಿಯಿಲ್ಲ, ತಲೆಯೂ ಸರಿಯಿಲ್ಲ."

"ನನ್ನ ಹೇಸರಗತ್ತೆಗೆ ಏನೂ ಅನ್ಬೇಡಿ ದರೋಗಾ ಜೀ," ಮಂಜಿನೊಳಗಿಂದ ನನ್ನ ತಮ್ಮ ಕುಂದನನ ದನಿ ಬಂತು. "ನಿಮ್ಮನ್ನ ಹೊತ್ತು ತಂದ ಮೇಲೆ ಅದೂ ಮಲಗಿಬಿಟ್ಟಿದೆ. ಪಾಪ, ಅದರ ಹೇಳಿಕೇನೂ ಬರ್ಕೊಳ್ಳಿ."

ಕುಂದನ ನಕ್ಕ. ನಕ್ಕರೆ ಅವನ ಬಾಯಲ್ಲಿ ಮುಂದಿನ ಮೂರು ಹಲ್ಲುಗಳ ಜಾಗ ಖಾಲಿ. ಹನ್ನೊಂದನೆಯ ವಯಸ್ಸಿನಲ್ಲಿ ಹೇಸರಗತ್ತೆ ಒದ್ದದ್ದು. ಮೂವತ್ತನಾಲ್ಕಾದರೂ ಆ ನಗು ಹನ್ನೊಂದರದ್ದೇ. ಬೇರೆ ಊರುಗಳ ಹೇಸರಗತ್ತೆಯವರು ಸಿಳ್ಳೆ ಹಾಕಿ ಪ್ರಾಣಿಯನ್ನು ಕರೆಯುತ್ತಾರೆ. ಇವನಿಗೆ ಅದು ಬರದು, ನಾಲಗೆ ಲೊಚಗುಟ್ಟಿಸಿ ಕರೆಯುತ್ತಾನೆ.

ನಾನು ದರೋಗಾಗೆ ಬಿಡಿಸಿ ಹೇಳಿದೆ. ಪಿಥೌರಾಗಢದ ಒಂದು ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷದಿಂದ ಅಣಬೆ ಅರೆಯುವವಳು ನಾನು. ಅರೆದು, ಸಾರ ತೆಗೆದು, ಸೋಸಿ ಯಂತ್ರಕ್ಕೆ ಉಣಿಸಿದರೆ ಅದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಕೊಳ್ಳುವವರು ಬಾಯಿ ಬಿಡುವ ಆ ಕಾರ್ಡಿಸೆಪಿನ್ ಎಂಬ ಅಂಶ ಇದ್ದರೆ, ಹನ್ನೊಂದನೆಯ ನಿಮಿಷಕ್ಕೆ ಗೆರೆ ತಲೆ ಎತ್ತುತ್ತದೆ. ಅದು ಎಷ್ಟು ಎತ್ತರ ಏರಿತೋ ಅಷ್ಟು ಅಂಶ ಇದೆ ಎಂದು ಲೆಕ್ಕ. ಪರೀಕ್ಷೆಗೆ ಬಂದಿದ್ದ ನಮ್ಮೂರ ಡಬ್ಬಿಯ ಮಾದರಿಗೆ ಗೆರೆ ಪಂಚಚೂಲಿ ಶಿಖರದ ಹಾಗೆ ಎದ್ದಿತ್ತು.

"ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?"

"ಎಲ್ಲರೂ ಹಾಗೇ ಅಂದ್ಕೋತಾರೆ. ನಮ್ಮ ಬೆಟ್ಟದ ಕೀಡಾಜಡಿಯಲ್ಲಿ ಅದು ಹೆಸರಿಗೆ ಮಾತ್ರ ಇರತ್ತೆ. ಕಾಕಿ ಕೊಟ್ಟಿದ್ದರಲ್ಲಿ ಒಂದನ್ನ ಅರೆದು ನೋಡಿದೆ, ಗೆರೆ ಅಲುಗಾಡಲೇ ಇಲ್ಲ. ಆ ಅಂಶ ತುಂಬಿ ತುಳುಕೋದು ಬೇರೆ ಒಂದರಲ್ಲಿ. ಗಾಜಿನ ಜಾಡಿಯೊಳಗೆ ಅನ್ನದ ಮೇಲೆ ಬೆಳೆಸೋ ಕಿತ್ತಳೆ ಅಣಬೆಯಲ್ಲಿ. ಯಾರೋ ಅದರ ಪುಡಿ ಕದಡಿದ ನೀರಲ್ಲಿ ನಮ್ಮ ಮಾಲನ್ನ ನೆನೆಸಿ ಒಣಗಿಸಿದ್ದಾರೆ."

"ಅಂದ್ರೆ," ದರೋಗಾ ಮೆಲ್ಲಗೆ ಅಂದರು, "ಹೋರಿ ಹತ್ತು ಸೇರು ಹಾಲು ಕೊಡ್ತು ಅಂತ ಸರ್ಟಿಫಿಕೇಟು ತಂದ ಹಾಗೆ."

ಇದಕ್ಕೇ ನನಗೆ ಈ ಮನುಷ್ಯ ಇಷ್ಟ. ಹೊಟ್ಟೆ ಮುಂದೆ ಬಂದಿದೆ, ಬುದ್ಧಿ ಹಿಂದೆ ಉಳಿದಿಲ್ಲ.

"ಇದನ್ನ ನಾನು ಮೊದಲು ಹೇಳಿದ್ದು ತ್ರಿಲೋಕ—" ಅನ್ನಲು ಹೋಗಿ ನಾಲಗೆ ಕಚ್ಚಿಕೊಂಡೆ. "ತೀರಿಹೋದ ದಾಜುಗೆ. ಫೋನಿನಲ್ಲಿ. ಊರಲ್ಲಿ ವಿಚಾರಿಸ್ತೀನಿ ಬೈಣಿ, ಯಾರಿಗೂ ಹೇಳ್ಬೇಡ ಅಂದ್ರು. ಎರಡೇ ದಿನಕ್ಕೆ ಹೋಗಿಬಿಟ್ರು. ನೆನೆಸಿದವನೇ ತಳ್ಳಿದ್ದಾನೆ."

"ಹೆಸರು ಹೇಳಿದ್ರೆ ಏನಾಗತ್ತೆ? ನಾನಂತೂ ಜಮನ್ ಸಿಂಗ್ ಅಂತಲೇ—"

"ಶ್ಶ್!" ಕುಂದನ ಓಡಿಬಂದ. ನಗು ಮುಖದಿಂದ ಮಾಯವಾಗಿತ್ತು. "ಇಲ್ಲಿ ಹೆಸರು ಕೂಗಬಾರ್ದು ದರೋಗಾ ಜೀ. ಸಿಳ್ಳೆ ಹಾಕಬಾರ್ದು. ಆಂಛರಿಯರು ಕೇಳಿಸ್ಕೋತಾರೆ. ಆಮೇಲೆ ಆ ಹೆಸರು ಹಿಡಿದೇ ಕರೀತಾರೆ, ಹೋದೋರು ತಿರುಗಿ ಬರಲ್ಲ."

"ಹಾಗಾದ್ರೆ ಕಾಗದದಲ್ಲಿ ಏನಂತ ಬರೀಲಿ? ಆರೋಪಿ, ಬುಬು?"

ಯಾರೂ ನಗಲಿಲ್ಲ. ತ್ರಿಲೋಕ್ ದಾಜು ಬಿದ್ದ ಸಂಜೆ ಹುಲ್ಲು ಕೊಯ್ಯುತ್ತಿದ್ದ ಸರುಲಿ ಕಾಕಿಗೆ ಪ್ರಪಾತದ ಕಡೆಯಿಂದ ಸಿಳ್ಳೆ ಕೇಳಿಸಿತ್ತು. ನಮ್ಮೂರಲ್ಲಿ ಹುಟ್ಟಿದ ಯಾರೂ ಇಲ್ಲಿ ಸಿಳ್ಳೆ ಹಾಕುವುದಿಲ್ಲ. ಅದಕ್ಕೇ ಅರ್ಧ ಊರು ಈಗಲೂ ಅವರನ್ನು ಬೆಟ್ಟದ ಮೋಹಿನಿಯರಾದ ಆಂಛರಿಯರೇ ಒಯ್ದರು ಎನ್ನುತ್ತಿದೆ. ನನಗೆ ಆಂಛರಿಯರ ಮೇಲೆ ಸಿಟ್ಟಿಲ್ಲ, ಆದರೆ ಅವರು ಅಣಬೆಯನ್ನು ನೆನೆಸಿಡುವವರಲ್ಲ.

"ನೆನೆಸೋಕೆ ಅವಕಾಶ ಯಾರಿಗಿತ್ತು?" ದರೋಗಾ ಕೇಳಿದರು.

"ಎಲ್ಲರಿಗೂ. ಒಣಗಿಸೋವಾಗ ದಿನಕ್ಕೊಂದು ಮನೆ ಕಾವಲು. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ದಿನ. ಆಮೇಲೇ ಡಬ್ಬಿಗೆ ಹಾಕಿ ಬುಬು ಕೈಗೆ ಕೊಡೋದು."

"ಇಪ್ಪತ್ತೆರಡು ಮನೆ ಕಟ್ಟೋಕೆ ನನ್ನ ಹತ್ರ ಹಗ್ಗ ಇಲ್ಲ ದೀದಿ. ಒಂದು ಮನೆ ತೋರಿಸಿ."

"ತೋರಿಸ್ತೀನಿ," ಅಂದೆ. "ಚೊಂಬು ತೋರಿಸತ್ತೆ."

ಬುಗ್ಯಾಲ್ ಬಿಟ್ಟು ಇಳಿಯುವ ದಿನ ಪ್ರತಿ ಮನೆಯೂ ತನ್ನ ಪಾಲಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಒಂದು ಕೀಡಾಜಡಿಯನ್ನು ಆರಿಸಿ, ತನ್ನ ಮನೆಯ ಉಣ್ಣೆದಾರ ಸುತ್ತಿ, ದೇವಿಯ ತಾಮ್ರದ ಚೊಂಬಿಗೆ ಹಾಕಬೇಕು. ಮನೆಮನೆಗೂ ದಾರದ ಬಣ್ಣ ಬೇರೆ. ಕಳ್ಳನೂ ಹಾಕಿಯೇ ಹಾಕಿರುತ್ತಾನೆ. ಕೊಳ್ಳುವವರಿಗೆ ಮೋಸ ಮಾಡಿಯಾನು, ದೇವಿಗೆ ಮಾಡುವ ಎದೆ ನಮ್ಮವರಿಗೆ ಯಾರಿಗೂ ಇಲ್ಲ. ಕಿತ್ತಳೆ ನೀರು ಕುಡಿದದ್ದೇ ಉತ್ತಮ ಎಂದು ನಂಬಿದವನು ದೇವಿಗೆ ಅದನ್ನೇ ಕೊಟ್ಟಿರುತ್ತಾನೆ.

"ದೀದಿ," ಕುಂದನ ನನ್ನ ತೋಳು ಹಿಡಿದ. "ಮಂಜು ಸರೀತಾ ಇದೆ. ಚೊಂಬಿನ ತಂಟೆ ಬೇಡ. ಅಮ್ಮ ಕೇಳಿದ್ರೆ ಏನಂತಾಳೆ?"

"ಅಮ್ಮನಿಗೆ ನಾನು ಹೇಳ್ತೀನಿ ಬಿಡೋ."

ಅಷ್ಟರಲ್ಲಿ ಮಂಜಿನಿಂದ ಮೊದಲು ಒಂದು ಊರುಗೋಲು, ಆಮೇಲೆ ಒಂದು ಉಣ್ಣೆಕೋಟು, ಕೊನೆಗೆ ಸರಪಂಚ ಖುಶಾಲ್ ಸಿಂಗನ ಕೆಂಪೇರಿದ ಮುಖ ಹೊರಬಂತು. ಅವನು ನನಗೆ ದೂರದ ಅಣ್ಣ, ಹತ್ತಿರದ ತಲೆನೋವು.

"ಚೊಂಬು ತೆಗೀತೀಯಂತೆ?" ಅಂದ. ಕೂಗಬೇಕೆಂದು ಅವನ ಕುತ್ತಿಗೆಯ ನರ ಉಬ್ಬಿತ್ತು. ಬುಗ್ಯಾಲಿನಲ್ಲಿ ಕೂಗುವಂತಿಲ್ಲವಾದ್ದರಿಂದ ಪಿಸುಗುಟ್ಟಿದ.

"ತೆಗೀತೀನಿ ದಾಜು."

"ಪೇಟೆಯಲ್ಲಿ ಕೂತು ಹುಳ ಅರೆಯೋಳಿಗೆ ದೇವಿ ಚೊಂಬು ಯಾಕೆ? ನಿನ್ನ ಯಂತ್ರಕ್ಕೆ ದೇವೀನೂ ಅರೆದು ಹಾಕ್ತೀಯಾ?"

"ಊರಿನ ಮಗಳು ನಾನು. ಚೊಂಬಿಗೆ ಕೈ ಹಾಕೋ ಹಕ್ಕು ಊರಿನ ಹೆಣ್ಣುಮಕ್ಕಳಿಗಲ್ದೆ ಇನ್ಯಾರಿಗಿದೆ? ನಿನಗಂತೂ ಇಲ್ಲ."

"ಅದು ಹಬ್ಬದ ದಿನ ಮಾತ್ರ! ಹೀಗೆ ಪೊಲೀಸರ ಜೊತೆ ಬಂದು ತೆಗೆಯೋಕಲ್ಲ!"

"ಹಬ್ಬದ ತನಕ ಬುಬು ಉಳೀತಾರಾ?" ನಾನೂ ಪಿಸುಗುಟ್ಟಿದೆ. "ನೋಡು ಅವರನ್ನ. ನೀನು ನಾನು ಇಬ್ರೂ ಚಿಕ್ಕವರಿದ್ದಾಗ ಈ ಇಳಿಜಾರಲ್ಲಿ ಹಿಮ ಕುಸಿದಾಗ ನಮ್ಮನ್ನ ಕಂಕುಳಲ್ಲಿ ಇಟ್ಕೊಂಡು ಇಳಿಸಿದ ಕೈ ಅದು. ಹಗ್ಗ ಕಟ್ಟಿದಾರೆ. ನಿನಗೆ ಏನೂ ಅನ್ಸಲ್ವಾ?"

ಸರಪಂಚ ಬುಬು ಕಡೆ ನೋಡಲಿಲ್ಲ. ನೆಲ ನೋಡಿದ.

"ಎಲ್ಲರಿಗಿಂತ ಮೊದಲು ಪೊಲೀಸರಿಗೆ ಬುಬು ಹೆಸರು ಕೊಟ್ಟಿದ್ದು ನೀನು," ಅಂದೆ. "ಪರೀಕ್ಷೆಯಲ್ಲಿ ಸಂಖ್ಯೆ ಜಾಸ್ತಿ ಬಂದ್ರೆ ಬೆಲೆ ಏರತ್ತೆ ಅಂತ ಊರಲ್ಲಿ ಡಂಗುರ ಹೊಡೆದಿದ್ದೂ ನೀನು. ಈಗ ಚೊಂಬು ಮುಟ್ಟಬೇಡ ಅನ್ನೋದೂ ನೀನೇ."

ಮಂಜಿನಲ್ಲೂ ಅವನ ಮುಖ ಬಿಳಚಿದ್ದು ಕಂಡಿತು. ಸಿಕ್ಕಿಬಿದ್ದ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು.

ಸರಪಂಚ ಊರುಗೋಲನ್ನು ಗೋಡೆಗೆ ಒರಗಿಸಿ ಚಪ್ಪಲಿ ಬಿಟ್ಟ.

"ತೆಗಿ," ಅಂದ. "ಆದ್ರೆ ಒಂದು ಮಾತು. ಯಾರ ಮನೆ ದಾರ ಬಂದ್ರೂ ಬಣ್ಣ ಬಾಯಿಬಿಟ್ಟು ಹೇಳ್ಬೇಕು. ನನ್ನದಾದ್ರೂ ಸೈ. ಒಳಗೆ ನೋಡ್ಕೊಂಡು ಹೊರಗೆ ಮುಚ್ಚಿಡೋ ಹಾಗಿಲ್ಲ."

"ದೇವಿ ಆಣೆ," ಅಂದೆ. ಯೋಚಿಸಲೂ ಇಲ್ಲ.

ಚೊಂಬಿನ ಮುಚ್ಚಳ ಎತ್ತುವ ಅಧಿಕಾರ ಗುಡಿ ಕಾಯುವ ಬುಬುಗೆ ಮಾತ್ರ. ದರೋಗಾ ಗೊಣಗುತ್ತಲೇ ಹಗ್ಗ ಬಿಚ್ಚಿದರು. "ನಿಮ್ಮೂರಲ್ಲಿ ಆರೋಪಿಯೇ ಸಾಕ್ಷಿ, ಆರೋಪಿಯೇ ಪೂಜಾರಿ. ನನ್ನ ಪಿಂಚಣಿ ಹೋಯ್ತು." ಗಂಡಸರು ಪದ್ಧತಿಯಂತೆ ಕಲ್ಲುಗೋಡೆಯ ಹೊರಗೆ ಬರಿಗಾಲಲ್ಲಿ ಬೆನ್ನು ತಿರುಗಿಸಿ ನಿಂತರು. ದರೋಗಾ, ಸರಪಂಚ, ಅವರಾಚೆ ಕುಂದನ. ಹೇಸರಗತ್ತೆಯ ಕೊರಳಗಂಟೆ ಒಮ್ಮೆ ಕಿಣಿಗುಟ್ಟಿ ಸುಮ್ಮನಾಯಿತು.

ಗುಡಿಯೊಳಗೆ ಧೂಪದ ಸೊಪ್ಪು ಸುಟ್ಟ ವಾಸನೆ. ಒಂದು ದೀಪ. ಚಿಕ್ಕವಳಿದ್ದಾಗ ಇಲ್ಲಿ ಬಂದರೆ ನಿದ್ದೆ ಬರುತ್ತಿತ್ತು, ಈಗಲೂ ಕಣ್ಣು ಭಾರವಾಯಿತು. ಬುಬು ಮುಚ್ಚಳ ಎತ್ತಿದರು. ಹಗ್ಗದ ಗುರುತು ಅವರ ಮಣಿಕಟ್ಟಿನಲ್ಲಿ ಕೆಂಪಗೆ ಮೂಡಿತ್ತು. ಹನ್ನೆರಡು ದಿನದಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ.

ಒಂದೊಂದಾಗಿ ತೆಗೆದೆ. ದಪ್ಪನೆಯವು, ತುಂಬಿದವು, ಬಂಗಾರದ ಬಣ್ಣದವು. ಪ್ರತಿಯೊಂದು ಮನೆಯವರೂ ಕಣ್ಣಿಗೊತ್ತಿಕೊಂಡು ಕೊಟ್ಟದ್ದು. ಹಳದಿ-ಬಿಳಿ ದಾರದ್ದು ಸರುಲಿ ಕಾಕಿಯ ಮನೆಯದು, ಹತ್ತಿಗೆ ಬಂದದ್ದು ಬರೀ ಮಣ್ಣು. ನೀಲಿ-ಬಿಳಿ ಸರಪಂಚನದು. ಅದನ್ನು ಎರಡು ಸಲ ಉಜ್ಜಿದೆ. ಎರಡು ಸಲವೂ ಮಣ್ಣು.

ಹಾಗಾದರೆ ಇವನಲ್ಲ.

ಮುಂದೆ ಹದಿನೈದು ತೆಗೆದೆ. ಎಲ್ಲ ಮಣ್ಣು. ಆಮೇಲೆ ಬೆರಳಿಗೆ ಒಂದು ಸಣಕಲು ಹುಳು ಸಿಕ್ಕಿತು. ಮುರಿದ ಕಡ್ಡಿಯಷ್ಟೇ ತೆಳ್ಳಗೆ. ಇಂಥದ್ದನ್ನು ದೇವಿಗೆ ಕೊಡಲು ಯಾರೂ ಒಪ್ಪುವುದಿಲ್ಲ, ಕಣ್ಣಿಗೆ ಕಾಣದ ಯಾವುದೋ ಸತ್ವ ಇದರಲ್ಲಿ ತುಂಬಿದೆ ಎಂದು ಗಟ್ಟಿಯಾಗಿ ನಂಬಿದವನ ಹೊರತು. ಹತ್ತಿ ತಾಗಿಸಿದೆ. ಉಜ್ಜುವ ಮೊದಲೇ ಕಿತ್ತಳೆ ಇಳಿಯಿತು.

ದೀಪದ ಹತ್ತಿರ ಹಿಡಿದು ದಾರ ನೋಡಿದೆ. ಎರಡೆಳೆ ಕೆಂಪು, ಒಂದೆಳೆ ಕಪ್ಪು.

ಆ ಕೆಂಪನ್ನು ನನ್ನಮ್ಮ ಬೇರು ಕುದಿಸಿ ತೆಗೆಯುತ್ತಾಳೆ. ಆ ಕಪ್ಪು ನಮ್ಮ ಮುದಿ ಕುರಿಯದು. ಈ ವರ್ಷ ನಮ್ಮ ಮನೆಯಿಂದ ಬುಗ್ಯಾಲಿಗೆ ಹತ್ತಿದವನು ಒಬ್ಬನೇ.

ಕಳೆದ ಚಳಿಗಾಲ ನೆನಪಾಯಿತು. ಒಲೆಯ ಮುಂದೆ ಕೂತು ಕುಂದನ ಕೇಳುತ್ತಲೇ ಇದ್ದ. ಯಂತ್ರ ಹೇಗೆ ಗೆರೆ ಎಳೆಯುತ್ತದೆ, ಯಾವುದಕ್ಕೆ ಎತ್ತರ ಏಳುತ್ತದೆ, ಆ ಜಾಡಿಯ ಅಣಬೆಯ ಪುಡಿ ಎಲ್ಲಿ ಸಿಗುತ್ತದೆ. ಶಾಲೆಯಲ್ಲಿ ಕೂರದ ತಮ್ಮ ನನ್ನ ಕೆಲಸದ ಬಗ್ಗೆ ಕೇಳುತ್ತಾನಲ್ಲ ಎಂದು ಹಿಗ್ಗಿ ಹೇಳಿದ್ದೇ ಹೇಳಿದ್ದು. ಕಿತ್ತಳೆಯದರಲ್ಲಿ ಎಷ್ಟಿದೆ ಎಂದು ಹೇಳಿದೆ. ನಮ್ಮದರಲ್ಲಿ ಅದು ಇಲ್ಲ, ಇರಬೇಕಾಗಿಯೂ ಇಲ್ಲ ಎಂದು ಹೇಳುವ ಮೊದಲೇ ಅಮ್ಮ ಊಟಕ್ಕೆ ಕರೆದಿದ್ದಳು. ಅರ್ಧ ಪಾಠ ಕಲಿಸಿ ಎದ್ದುಹೋದವಳು ನಾನು.

"ಒಳಗೆ ಹಾಕಿಬಿಡು ಮಗಳೇ."

ಬುಬು ಮಾತಾಡಿದ್ದರು. ಎಷ್ಟೋ ದಿನ ಮುಚ್ಚಿಟ್ಟ ಬಾಗಿಲು ತೆರೆದ ಹಾಗಿತ್ತು ಆ ದನಿ.

"ನಿಮಗೆ ಗೊತ್ತಿತ್ತಾ ಬುಬು?"

"ದಿನಾ ದೀಪ ಹಚ್ಚೋನು ನಾನು. ಸಣಕಲು ಹುಳು ಕಂಡಾಗಲೇ ಏನೋ ಸರಿಯಿಲ್ಲ ಅನ್ನಿಸ್ತು. ಆಮೇಲೆ ತೊರೆ ಹತ್ರ ಅವನ ಬೋಗುಣಿ ನೋಡಿದೆ. ಕಿತ್ತಳೆ ನೀರು."

"ಮತ್ತೆ ದಾಜೂನ ತಳ್ಳಿದ್ದು? ಅದನ್ನೂ ನೋಡಿದ್ರಾ?"

"ಇಲ್ಲ. ಅದನ್ನ ನೋಡಿಲ್ಲ." ಅವರು ನನ್ನ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು ಮಡಚಿದರು. "ನಿನ್ನಮ್ಮನಿಗಿರೋನು ಒಬ್ನೇ ಮಗ. ನನಗೆ ಹೇಗೂ ಕಾಲು ಸೋತಿವೆ. ಎಲ್ಲಿ ಕೂತರೂ ಒಂದೇ. ಹಾಕಿಬಿಡು ಒಳಗೆ, ಎಲ್ಲ ಮಣ್ಣೇ ಬಂತು ಅಂದುಬಿಡು."

"ದೀದಿ!" ಹೊರಗಿನಿಂದ ದರೋಗಾ. "ಪಂಚಚೂಲಿ ತುದಿ ಕಾಣ್ತಾ ಇದೆ. ದಾರಿ ತೆರೀತು. ಸಿಕ್ಕಿತಾ?"

ಆ ಮುದಿ ಕೈಯ ಹಗ್ಗದ ಗುರುತು ನೋಡಿದೆ. ಅಮ್ಮ ನೆನಪಾದಳು, ಹಲ್ಲಿಲ್ಲದ ನಗು ನೆನಪಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹದಿನೆಂಟು ವರ್ಷದಲ್ಲಿ ಯಂತ್ರ ಎಳೆದ ಗೆರೆಯನ್ನು ಒಂದು ಸಲವೂ ನಾನು ತಿದ್ದಿಲ್ಲ. ಇವತ್ತು ತಿದ್ದಿದರೆ ಈ ಮುದುಕ ನನ್ನ ತಮ್ಮನ ಬದಲು ಜೈಲಿನಲ್ಲಿ ಸಾಯುತ್ತಾನೆ.

"ಸಿಕ್ಕಿತು," ಅಂದೆ. "ಎರಡೆಳೆ ಕೆಂಪು. ಒಂದೆಳೆ ಕಪ್ಪು."

ಆ ಬಣ್ಣ ಯಾರ ಮನೆಯದೆಂದು ಸರಪಂಚನಿಗೆ ಹೇಳಬೇಕಾಗಿರಲಿಲ್ಲ.

"ಬೈಣಿ," ಅಂದ ಅವನು ಹೊರಗಿನಿಂದ. ತಂಗಿ ಎಂಬ ಆ ಒಂದು ಮಾತಿನಲ್ಲಿ ಜಗಳವೆಲ್ಲ ಕರಗಿಹೋಗಿತ್ತು. "ಬೇಗ ಹೊರಗೆ ಬಾ."

ಬಂದೆ. ಮಂಜು ಎದ್ದು ನಿಂತು ಅಲ್ಲಲ್ಲಿ ಹರಿಯುತ್ತಿತ್ತು. ಹೇಸರಗತ್ತೆ ಒಂದೇ ನಿಂತು ಹುಲ್ಲು ಮೇಯುತ್ತಿತ್ತು. ಗೋಡೆಯ ಪಕ್ಕ ಕುಂದನನ ಬೂಟುಗಳು ಜೋಡಿಸಿಟ್ಟ ಹಾಗೇ ಇದ್ದವು. ಇಬ್ಬನಿ ತುಂಬಿದ ಹುಲ್ಲಿನಲ್ಲಿ ಬರಿಗಾಲಿನ ಗುರುತು ಹಸಿರು ಗೆರೆಯಾಗಿ ಹೊರಟಿತ್ತು. ಅದು ಊರಿಗೆ ಇಳಿಯುವ ದಾರಿ ಹಿಡಿದಿರಲಿಲ್ಲ. ತ್ರಿಲೋಕ್ ದಾಜು ಬಿದ್ದ ಪ್ರಪಾತದ ಕಡೆ ಹೋಗಿತ್ತು.

ದರೋಗಾ ಓಡಲು ಶುರುಮಾಡಿದ್ದರು. ನಾನು ನಿಂತಲ್ಲೇ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ. ಬುಗ್ಯಾಲಿನ ಎದೆಯ ಮೇಲೆ ನಿಂತು ತಮ್ಮನ ಹೆಸರು ಹಿಡಿದು ಕೂಗಿದೆ.

"ಕುಂದನಾ!"

ಕುರಿಗಳ ಗಂಟೆಗಳು ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ, ಪ್ರಪಾತದ ಅಂಚಿನ ಬಿಳಿಮಂಜಿನೊಳಗಿಂದ, ಯಾರೋ ನಿಧಾನವಾಗಿ, ಇಂಪಾಗಿ ಉತ್ತರ ಕೊಟ್ಟರು.

ಸಿಳ್ಳೆ.

ಬುಬು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ತಮ್ಮನಿಗೆ ಸಿಳ್ಳೆ ಹಾಕಲು ಬರುವುದಿಲ್ಲ.